ಕುಂಡದ ಕರಿಬೇವು ಹಳದಿಯಾದಾಗ



ಹೊಲಗದ್ದೆಯ ಬೆಳೆಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ಪಟ್ಟಣದ ಮನೆಯ ಕುಂಡದ ಗಿಡಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಮಾಗಡಿ, ಕುಣಿಗಲ್, ರಾಮನಗರದ ಕಡೆಯ ಎಷ್ಟೋ ರೈತ ಕುಟುಂಬಗಳ ಒಂದು ಕವಲು ಈಗ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನೆಲೆಸಿದೆ. ಊರಿಂದ ರಾಗಿ, ಅವರೆಕಾಯಿ ಹೋಗುವಾಗ ಹಿತ್ತಲಿನ ಕರಿಬೇವಿನ ಬುಡದಿಂದ ಕಿತ್ತ ಒಂದು ಮರಿಗಿಡವೂ ಜೊತೆಗೆ ಹೋಗುತ್ತದೆ. ಆರು ತಿಂಗಳು ಅದು ಚೆನ್ನಾಗಿರುತ್ತದೆ. ಆಮೇಲೆ ಮಗನಿಂದಲೋ ಸೊಸೆಯಿಂದಲೋ ಫೋನು ಬರುತ್ತದೆ: ಗಿಡ ಹಳದಿ ತಿರುಗಿದೆ, ಏನು ಹಾಕಲಿ?

ಹೀಗೆ ಕೇಳಿದಾಗ ನಮ್ಮ ಬಾಯಿಗೆ ಮೊದಲು ಬರುವ ಉತ್ತರ ಯೂರಿಯ. ಹತ್ತು ಸಲದಲ್ಲಿ ಕೆಲವು ಸಲ ಅದು ಸರಿಯಾಗಿಯೂ ಇರುತ್ತದೆ. ಉಳಿದ ಸಲ ಕೊಳೆಯುತ್ತಿರುವ ಬೇರಿಗೆ ಉಪ್ಪು ಸುರಿದಂತಾಗಿ, ಬದುಕಬಹುದಾಗಿದ್ದ ಗಿಡ ಹದಿನೈದು ದಿನದಲ್ಲಿ ಒಣಗುತ್ತದೆ. ಆದುದರಿಂದ ಏನು ಹಾಕಬೇಕೆಂದು ಹೇಳುವ ಮೊದಲು ನೀವು ಫೋನಿನಲ್ಲಿಯೇ ಒಂದು ಪ್ರಶ್ನೆ ಕೇಳಿರಿ: ಯಾವ ಎಲೆ ಹಳದಿಯಾಗಿದೆ, ಬುಡದ್ದೋ, ತುದಿಯದೋ?

ಈ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಲು ಕಲಿತವರಿಗೆ ತೋಟದಲ್ಲಿಯೂ ಅದು ನೆರವಾಗುತ್ತದೆ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ ಗಿಡ. ಕುಂಡದ ಕರಿಬೇವಿನಲ್ಲಿ ಕಾಣುವ ಚಿಹ್ನೆಗಳೇ ನಿಮ್ಮ ನಿಂಬೆ, ಕಿತ್ತಳೆ ಗಿಡಗಳಲ್ಲಿಯೂ ಕಾಣುತ್ತವೆ. ಅಲ್ಲಿ ತಪ್ಪು ಔಷಧಿಯ ಖರ್ಚು ಎಕರೆಯ ಲೆಕ್ಕದಲ್ಲಿ ಬರುತ್ತದೆ.

ಎಲೆ ಏಕೆ ಹಳದಿಯಾಗುತ್ತದೆ

ಎಲೆಯ ಹಸಿರು ಪತ್ರಹರಿತ್ತಿನಿಂದ ಬಂದದ್ದು. ಬಿಸಿಲಿನ ನೆರವಿನಿಂದ ಗಿಡಕ್ಕೆ ಅಡುಗೆ ಮಾಡುವುದು ಅದೇ. ಪತ್ರಹರಿತ್ತು ತಯಾರಾಗಲು ಸಾರಜನಕ ಬೇಕು, ಮೆಗ್ನೀಷಿಯಂ ಬೇಕು, ಕಬ್ಬಿಣವೂ ಬೇಕು. ಇವುಗಳಲ್ಲಿ ಯಾವುದು ಕಡಿಮೆಯಾದರೂ ಹಸಿರು ತಗ್ಗಿ, ಎಲೆಯಲ್ಲಿ ಮೊದಲಿಂದಲೂ ಇದ್ದ ಹಳದಿ ಬಣ್ಣ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಕಡಿಮೆಯಾದದ್ದು ಯಾವುದೆಂದು ತಿಳಿಯುವುದು ಹೇಗೆ?

ಗಿಡದೊಳಗೆ ಕೆಲವು ಪೋಷಕಾಂಶಗಳು ಓಡಾಡುತ್ತವೆ, ಕೆಲವು ಕುಳಿತಲ್ಲೇ ಕುಳಿತಿರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಓಡಾಡುವ ಜಾತಿ. ಇವುಗಳ ಕೊರತೆ ಬಂದಾಗ ಗಿಡವು ಮುದಿ ಎಲೆಗಳಲ್ಲಿದ್ದುದನ್ನು ಕಿತ್ತು ಎಳೆ ಚಿಗುರಿಗೆ ಕಳುಹಿಸುತ್ತದೆ. ಮನೆಯಲ್ಲಿ ಕಷ್ಟ ಬಂದಾಗ ಹಿರಿಯರು ತಮ್ಮ ತಟ್ಟೆಯ ತುತ್ತನ್ನು ಮಕ್ಕಳಿಗೆ ಕೊಟ್ಟಂತೆ. ಹೀಗಾಗಿ ಹಳದಿ ಬುಡದಿಂದ ಮೇಲಕ್ಕೆ ಹತ್ತುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್‌ಗಳು ಒಮ್ಮೆ ಎಲೆಗೆ ಸೇರಿದ ಮೇಲೆ ಸುಲಭವಾಗಿ ಕದಲುವುದಿಲ್ಲ. ಇವುಗಳ ಸರಬರಾಜು ನಿಂತರೆ ಹಳೆಯ ಎಲೆ ಹಸಿರಾಗಿಯೇ ಇದ್ದು, ಹೊಸದಾಗಿ ಬಂದ ಚಿಗುರು ಹಳದಿಯಾಗಿ ಹುಟ್ಟುತ್ತದೆ.

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಇನ್ನು ಹಳದಿಯ ರೀತಿಯನ್ನು ನೋಡಿರಿ. ಬುಡದ ಎಸಳುಗಳು ನರವೂ ಸೇರಿದಂತೆ ಇಡಿಯಾಗಿ ತೆಳು ಹಳದಿಯಾಗಿ, ಗಿಡ ಸೊರಗಿ, ಹೊಸ ಎಲೆ ಸಣ್ಣದಾಗಿದ್ದರೆ ಸಾರಜನಕದ ಹಸಿವು. ಬುಡದ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಮೆಗ್ನೀಷಿಯಂ ಕೊರತೆ. ತುದಿಯ ಎಳೆ ಎಲೆಗಳಲ್ಲಿ ಹಸಿರು ನರಗಳು ಬಲೆಯಂತೆ ಎದ್ದು ಕಂಡು, ನಡುವಿನ ಭಾಗ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಜೋರಾದಾಗ ಎಲೆ ಬಿಳುಚಿಕೊಂಡರೆ ಅದು ಕಬ್ಬಿಣದ ಕೊರತೆ. ಎಳೆ ಎಲೆ ಕಿರಿದಾಗಿ, ಗೆಣ್ಣುಗಳು ಹತ್ತಿರ ಹತ್ತಿರವಾಗಿ ಗೊಂಚಲು ಕಟ್ಟಿದಂತಿದ್ದರೆ ಸತುವಿನ ಕೊರತೆ. ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗಿದ್ದರೆ ಮಣ್ಣಿನಲ್ಲಿ ಲವಣ ಸೇರಿದೆ ಎಂದು ಅನುಮಾನಿಸಿರಿ. ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಸಾವಿರಾರು ಹಳದಿ ಚುಕ್ಕೆಗಳಿದ್ದರೆ ಎಲೆಯನ್ನು ಮಗುಚಿ ನೋಡಿರಿ. ಕೆಳಗೆ ಸಣ್ಣ ಜೇಡರ ಬಲೆಯಂಥದ್ದು ಕಂಡರೆ ಅದು ನುಸಿಯ ಕೆಲಸ, ಗೊಬ್ಬರದಿಂದ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಡಿಸೆಂಬರ್ ಮತ್ತು ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಉಷ್ಣತೆ 15-16 ಡಿಗ್ರಿಗೆ ಇಳಿಯುತ್ತದೆ. ಆಗ ಕರಿಬೇವಿನ ಬೆಳವಣಿಗೆ ನಿಂತು, ಹಳೆಯ ಎಸಳುಗಳು ಹಳದಿಯಾಗಿ ಉದುರುವುದು ಸಹಜ. ಧಾರವಾಡದಲ್ಲಿ ಆಯ್ದ ಡಿಡಬ್ಲ್ಯುಡಿ-1 ತಳಿ ಚಳಿಯಲ್ಲಿ ಸರಿಯಾಗಿ ಚಿಗುರದೆಂದೂ, ಡಿಡಬ್ಲ್ಯುಡಿ-2 ಚಳಿಗೆ ಅಷ್ಟಾಗಿ ಬಗ್ಗದೆಂದೂ ಕಂಡುಬಂದಿದೆ. ಹಿತ್ತಲಿನ ನಾಟಿ ಗಿಡಗಳಲ್ಲಿಯೂ ಈ ಬಗೆಯ ವ್ಯತ್ಯಾಸವಿರುತ್ತದೆ. ಚಳಿಗಾಲದಲ್ಲಿ ಎಲೆ ಉದುರಿತೆಂದು ಗಾಬರಿಯಾಗಿ ಗೊಬ್ಬರ, ನೀರು ಎರಡನ್ನೂ ಹೆಚ್ಚಿಸುವುದು ನಿದ್ದೆ ಮಾಡುವವನನ್ನು ಎಬ್ಬಿಸಿ ಊಟಕ್ಕೆ ಕೂರಿಸಿದಂತೆ. ನೀರನ್ನು ಕಡಿಮೆ ಮಾಡಿ ಫೆಬ್ರವರಿ ಕೊನೆಯವರೆಗೆ ಕಾಯಿರಿ.

ಮೊದಲು ನೋಡಬೇಕಾದದ್ದು ಬೇರು

ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಹೊಲದಲ್ಲಿ ಹೆಚ್ಚಾದ ನೀರು ಕೆಳಕ್ಕೆ ಇಂಗುತ್ತದೆ, ಬದುವಿನ ಕಡೆಗೆ ಹರಿಯುತ್ತದೆ. ಕುಂಡವೆಂದರೆ ನಾಲ್ಕೂ ಕಡೆ ಗೋಡೆ ಕಟ್ಟಿದ ಹೊಲ. ತಳದ ತೂತು ಮುಚ್ಚಿದರೆ ಅದು ಕೆರೆಯಂಗಳದ ಗದ್ದೆಯಾಗುತ್ತದೆ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ಮಣ್ಣಿನಲ್ಲಿರುವ ಆಹಾರವನ್ನು ಹೀರಲಾರದು. ಆಗ ಎಲೆ ಹಳದಿಯಾಗಿ ಜೋಲುತ್ತದೆ. ಜೋಲಿದ ಎಲೆಯನ್ನು ಕಂಡ ಮನೆಯವರು ಬಾಯಾರಿಕೆಯೆಂದು ಭಾವಿಸಿ ಇನ್ನೊಂದು ಚೆಂಬು ನೀರು ಹಾಕುತ್ತಾರೆ.

ಪರೀಕ್ಷೆ ಸುಲಭ. ಬೆರಳನ್ನು ಎರಡು ಗೆಣ್ಣಿನ ಆಳ ಮಣ್ಣಿಗೆ ಇಳಿಸಿರಿ. ಮೇಲೆ ಒಣಗಿ, ಒಳಗೆ ತೇವವಿದ್ದರೆ ಆ ದಿನ ನೀರು ಬೇಡ. ನರ್ಸರಿಯಿಂದ ತಂದ ಗಿಡಗಳು ಈಗ ಹೆಚ್ಚಾಗಿ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದು ಬರುತ್ತವೆ. ಈ ಪುಡಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಿಂಡಿದರೆ ನೀರು ಬರುತ್ತದೆ, ಕಣ್ಣನ್ನು ನಂಬಬಾರದು. ಕುಂಡವನ್ನು ಎತ್ತಿ ಭಾರ ನೋಡುವುದು ಇನ್ನೂ ಒಳ್ಳೆಯ ಉಪಾಯ. ನೀರು ಹಾಕಿದ ದಿನದ ಭಾರ ಮತ್ತು ಒಣಗಿದ ದಿನದ ಭಾರ ಕೈಗೆ ನಾಲ್ಕೇ ದಿನದಲ್ಲಿ ತಿಳಿಯುತ್ತದೆ.

ಅನುಮಾನ ಉಳಿದರೆ ಗಿಡವನ್ನು ಕುಂಡದಿಂದ ತೆಗೆದೇ ನೋಡಬೇಕು. ಹಿಂದಿನ ದಿನ ಸ್ವಲ್ಪ ನೀರು ಹಾಕಿ, ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ಅಂಗೈಯಿಂದ ತಟ್ಟಿದರೆ ಮಣ್ಣಿನ ಹೆಂಟೆ ಇಡಿಯಾಗಿ ಜಾರುತ್ತದೆ. ಬಿಳಿಯ ಅಥವಾ ಕೆನೆ ಬಣ್ಣದ ಗಟ್ಟಿ ಬೇರುಗಳಿದ್ದರೆ ಬೇರು ಆರೋಗ್ಯವಾಗಿದೆ, ದೋಷ ಬೇರೆಡೆ ಇದೆ. ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಕಳಚಿ ನಾರು ಮಾತ್ರ ಉಳಿದು, ಚರಂಡಿಯ ವಾಸನೆ ಬಂದರೆ ಕೊಳೆತಿದೆ. ಬೇರೆಲ್ಲ ಗೋಡೆಗೆ ಸುತ್ತಿಕೊಂಡು ಸಿಂಬಿಯಂತಾಗಿ, ಮಣ್ಣೇ ಕಾಣದಿದ್ದರೆ ಗಿಡಕ್ಕೆ ಜಾಗ ಸಾಲದು. ಎರಡು ಮೂರು ವರ್ಷ ಒಂದೇ ಬಣ್ಣದ ಡಬ್ಬಿಯಲ್ಲಿ ಬೆಳೆದ ಕರಿಬೇವಿನಲ್ಲಿ ಈ ಕೊನೆಯದು ಸಾಮಾನ್ಯ.

ವಿಜಯನಗರದ ನೀರು, ವಿಜಯನಗರದ ಮಣ್ಣು

ಬೇರು ಚೆನ್ನಾಗಿದೆ, ಬುಡದ ಎಲೆ ಹಸಿರಾಗಿದೆ, ಆದರೆ ಚಿಗುರು ಮಾತ್ರ ಹಳದಿ, ನರ ಹಸಿರು. ಈ ಬಡಾವಣೆಗಳ ಮಹಡಿಗಳ ಮೇಲೆ ಮತ್ತೆ ಮತ್ತೆ ಕಾಣುವ ಚಿತ್ರ ಇದು. ಇದರ ಕಾರಣವನ್ನು ಸ್ವಲ್ಪ ವಿವರವಾಗಿ ನೋಡೋಣ.

ವಿಜಯನಗರದ ಸುತ್ತಮುತ್ತಲ ಅತ್ತಿಗುಪ್ಪೆ, ಹೊಸಹಳ್ಳಿ, ಮಾರೇನಹಳ್ಳಿ, ಮೂಡಲಪಾಳ್ಯ ಎಂಬ ಹೆಸರುಗಳೇ ಹೇಳುವಂತೆ ಇವೆಲ್ಲ ಒಂದು ಕಾಲದ ಹಳ್ಳಿಗಳು. ಇಲ್ಲಿಯ ನೆಲ ನಿಮ್ಮ ಹೊಲದಂಥದ್ದೇ ಕೆಮ್ಮಣ್ಣು. ಮಣ್ಣು ಕೆಂಪಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಹೀಗಿರುವಾಗ ಕೆಮ್ಮಣ್ಣು ತುಂಬಿದ ಕುಂಡದ ಗಿಡಕ್ಕೆ ಕಬ್ಬಿಣದ ಕೊರತೆ ಹೇಗೆ ಬಂತು? ಕಣಜ ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದಿದೆ. ಆ ಬೀಗದ ಹೆಸರು ಸುಣ್ಣ.

ಮಣ್ಣಿನ ರಸಸಾರ 6ರಿಂದ 7ರ ಒಳಗಿದ್ದಾಗ ಕರಿಬೇವಿಗೆ ಕಬ್ಬಿಣ ಸಾಕಷ್ಟು ದೊರೆಯುತ್ತದೆ. ರಸಸಾರ ಏರಿದಂತೆ ಕಬ್ಬಿಣ ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ರಸಸಾರ ಒಂದು ಅಂಕ ಏರಿದರೆ ಅಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಬೇರಿನ ಬಾಯಿಗೆ ಸಿಗುವುದು ಕರಗಿದ್ದು ಮಾತ್ರ.

ಈ ಸುಣ್ಣ ಎರಡು ದಾರಿಯಿಂದ ಬರುತ್ತದೆ. ಮೊದಲನೆಯದು ಮಣ್ಣು. ಪಟ್ಟಣದಲ್ಲಿ ಕುಂಡಕ್ಕೆ ಮಣ್ಣು ಬೇಕೆಂದರೆ ಪಕ್ಕದ ನಿವೇಶನದಲ್ಲಿ ಪಾಯ ತೋಡಿ ಹಾಕಿದ ರಾಶಿಯಿಂದ ತುಂಬಿಸಿಕೊಳ್ಳುವುದು ವಾಡಿಕೆ. ಅದರಲ್ಲಿ ಸಿಮೆಂಟಿನ ಪುಡಿ, ಗಾರೆ, ಒಡೆದ ಪ್ಲಾಸ್ಟರಿಂಗ್ ಸೇರಿರುತ್ತವೆ. ಸಿಮೆಂಟು ತಯಾರಾಗುವುದೇ ಸುಣ್ಣಕಲ್ಲಿನಿಂದ. ಮನೆಯಲ್ಲಿ ವಿನಿಗರ್ ಇದ್ದರೆ ಒಣ ಮಣ್ಣಿನ ಒಂದು ಚಮಚದ ಮೇಲೆ ಕೆಲವು ಹನಿ ಹಾಕಿ ನೋಡಲು ಹೇಳಿರಿ. ಬುಸುಬುಸು ಗುಳ್ಳೆ ಎದ್ದರೆ ಆ ಮಣ್ಣಿನಲ್ಲಿ ಸುಣ್ಣವಿದೆ. ಗುಳ್ಳೆ ಬರದಿದ್ದ ಮಾತ್ರಕ್ಕೆ ರಸಸಾರ ಸರಿಯಿದೆ ಎಂದಾಗುವುದಿಲ್ಲ. ಆದರೆ ಗುಳ್ಳೆ ಬಂದರೆ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯದು ನೀರು. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಹರಿದು ಮೊದಲ ಬಾರಿ ಬಂದದ್ದು 1974ರಲ್ಲಿ. ಅದು ಮೆದು ನೀರು. ಆದರೆ ನಲ್ಲಿಯಲ್ಲಿ ಅದು ದಿನವೂ ಬರುವುದಿಲ್ಲವಾದ್ದರಿಂದ ಅಡುಗೆಗೆ ಅದನ್ನು ಉಳಿಸಿಕೊಂಡು, ಗಿಡಕ್ಕೆ ಕೊಳವೆಬಾವಿಯ ನೀರು ಹಾಕುವ ಮನೆಗಳೇ ಹೆಚ್ಚು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆಜ್ಞೆ ಮಾಡಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಿತ್ತು. ಹೀಗಾಗಿ ಗಿಡದ ಪಾಲಿಗೆ ಉಳಿದದ್ದು ಆಳದ ಗಡಸು ನೀರು. ಸ್ನಾನದ ಬಕೆಟ್ಟಿನ ಒಳಗೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯಲ್ಲ, ಅದೇ ಪದರ ಕುಂಡದ ಮಣ್ಣಿನಲ್ಲಿಯೂ ಕಟ್ಟುತ್ತಿರುತ್ತದೆ. ಗಡಸು ನೀರಿನ ಬೈಕಾರ್ಬೊನೇಟು ಮಣ್ಣಿನ ರಸಸಾರವನ್ನು ಮೆಲ್ಲಮೆಲ್ಲನೆ ಏರಿಸುತ್ತದೆ. ಊರಿಂದ ಬಂದ ಮರಿಗಿಡ ಆರು ತಿಂಗಳು ಚೆನ್ನಾಗಿದ್ದು ಆಮೇಲೆ ಹಳದಿಯಾಗುವ ಗುಟ್ಟು ಇದು. ಊರಿನ ಮಣ್ಣಿನ ಹೆಂಟೆ ಮುಗಿಯುವ ತನಕ ಅದು ಊರಿನಲ್ಲಿಯೇ ಇತ್ತು.

ಲೆಕ್ಕ ಹಾಕಿ ನೋಡಿ. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ನೀರನ್ನು ದಿನಕ್ಕೆ 1 ಲೀಟರಿನಂತೆ ಹಾಕಿದರೆ ವರ್ಷಕ್ಕೆ 180 ಗ್ರಾಂಗೂ ಮೀರಿ ಲವಣ ಆ ಒಂದು ಕುಂಡಕ್ಕೆ ಬೀಳುತ್ತದೆ. ಗಿಡ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಒಯ್ಯುತ್ತದೆ, ಲವಣದ ಬಹುಪಾಲು ಅಲ್ಲಿಯೇ ಉಳಿಯುತ್ತದೆ. ನೆಲ ಒದ್ದೆಯಾಗಬಾರದೆಂದು ಕುಂಡದ ಕೆಳಗೆ ತಟ್ಟೆ ಇಟ್ಟು, ತಟ್ಟೆಯ ನೀರನ್ನು ಮತ್ತೆ ಗಿಡಕ್ಕೆ ಸುರಿಯುವ ಮನೆಯಲ್ಲಿ ಪೂರಾ ಉಳಿಯುತ್ತದೆ.

ಇನ್ನು ನೀರು ಶುದ್ಧ ಮಾಡುವ ಯಂತ್ರ. ಅದು ಹೊರಗೆ ಬಿಡುವ ನೀರನ್ನು ಚೆಲ್ಲಲು ಮನಸ್ಸು ಬಾರದೆ ಗಿಡಕ್ಕೆ ಹಾಕುತ್ತಾರೆ. ಉಳಿತಾಯದ ಬುದ್ಧಿ ಮೆಚ್ಚತಕ್ಕದ್ದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಹೊರಬಿದ್ದ ನೀರಿಗೇ ಸೇರುತ್ತದೆ. ಬಂದ ನೀರಿಗಿಂತ ಅದು ಹೆಚ್ಚು ಗಡಸು. ಮನೆ ಒರೆಸಲು, ಶೌಚಾಲಯಕ್ಕೆ ಅದು ಸಾಕು. ನೀರನ್ನು ಮೆದು ಮಾಡುವ ಇನ್ನೊಂದು ಬಗೆಯ ಯಂತ್ರವಿದೆ. ಅದಕ್ಕೆ ಆಗಾಗ ಅಡುಗೆ ಉಪ್ಪು ತುಂಬಬೇಕಾಗುತ್ತದೆ. ಅದರ ನೀರಿನಲ್ಲಿ ಸುಣ್ಣದ ಬದಲು ಸೋಡಿಯಂ ಇರುತ್ತದೆ. ಸೋಡಿಯಂ ಮಣ್ಣಿನ ರಚನೆಯನ್ನೇ ಕೆಡಿಸುವುದರಿಂದ ಅದು ಗಿಡಕ್ಕೆ ಕೂಡದು.

ಪರಿಹಾರವೂ ಆಕಾಶದಿಂದಲೇ ಬರುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನಷ್ಟು. 30×40 ಅಡಿಯ ನಿವೇಶನದಷ್ಟು ಅಗಲದ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ನೀರು ಒಂದು ಲಕ್ಷ ಲೀಟರು ಮೀರುತ್ತದೆ. ಹತ್ತು ಕುಂಡಗಳಿಗೆ ಬೇಕಾದದ್ದು ಅದರಲ್ಲಿ ಅತ್ಯಲ್ಪ. 200 ಲೀಟರಿನ ಒಂದು ಪೀಪಾಯಿಯನ್ನು ಮಳೆನೀರಿನ ಕೊಳವೆಗೆ ಹೊಂದಿಸಿ, ಸೊಳ್ಳೆ ಮೊಟ್ಟೆ ಇಡದಂತೆ ಬಟ್ಟೆ ಬಿಗಿದರೆ ಮೇ ತಿಂಗಳಿಂದ ನವೆಂಬರ್‌ವರೆಗೆ ಗಿಡಕ್ಕೆ ಮೆದು ನೀರು ಸಿಗುತ್ತದೆ. ತರಕಾರಿ, ಅಕ್ಕಿ, ಬೇಳೆ ತೊಳೆದ ಕಾವೇರಿ ನೀರೂ ಒಳ್ಳೆಯದೇ, ಉಪ್ಪು ಬೀಳದಿದ್ದರೆ ಸರಿ.

ಕಬ್ಬಿಣವನ್ನು ಕೊಡುವ ಬಗೆ

ಎಲೆಯ ಹಳದಿಗೆ ಕಬ್ಬಿಣದ ಲವಣ ಮದ್ದು ಎಂಬುದನ್ನು 1840ರ ದಶಕದಲ್ಲಿಯೇ ಫ್ರಾನ್ಸಿನ ಯೂಸೆಬ್ ಗ್ರಿ ತೋರಿಸಿಕೊಟ್ಟನು. ಹಳದಿಯಾದ ಎಲೆಗೆ ಕಬ್ಬಿಣದ ಲವಣದ ದ್ರಾವಣ ಹಚ್ಚಿದರೆ, ಹಚ್ಚಿದಲ್ಲಿ ಹಸಿರು ಮರಳುತ್ತಿತ್ತು. ಇಂದಿಗೂ ರೋಗ ಗುರುತಿಸಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಒಂದು ಲೀಟರು ಮಳೆನೀರಿಗೆ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ ಅನ್ನಭೇದಿಯನ್ನು ಕರಗಿಸಿ, ಅರ್ಧ ನಿಂಬೆಹಣ್ಣಿನ ರಸ ಹಿಂಡಿರಿ. ಹುಳಿ ಸೇರಿಸುವುದು ಕಬ್ಬಿಣ ಕರಗಿದಂತೆಯೇ ಉಳಿಯಲೆಂದು. ಹತ್ತಿಯನ್ನು ಅದರಲ್ಲಿ ಅದ್ದಿ ಒಂದು ಹಳದಿ ಎಸಳಿಗೆ ಮಾತ್ರ ಸವರಿ, ಆ ಎಸಳಿಗೆ ದಾರ ಕಟ್ಟಿರಿ. ವಾರ, ಹತ್ತು ದಿನದಲ್ಲಿ ಅದು ಹಸಿರಾದರೆ ನಿಮ್ಮ ಅನುಮಾನ ನಿಜ. ಆಗ ಇಡೀ ಗಿಡಕ್ಕೆ ಸಂಜೆಯ ಹೊತ್ತು ಎಲೆಯ ಎರಡೂ ಬದಿ ತೋಯುವಂತೆ ಸಿಂಪಡಿಸಿ, ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಮುಂದುವರಿಸಿರಿ. ದ್ರಾವಣವನ್ನು ಆಗಿಂದಾಗ ತಯಾರಿಸಬೇಕು.

ಅನ್ನಭೇದಿ ಕೊಳ್ಳುವಾಗ ಬಣ್ಣ ನೋಡಿರಿ. ತಿಳಿ ಹಸಿರು ಹರಳಾಗಿದ್ದರೆ ಒಳ್ಳೆಯದು. ಕಂದು ಅಥವಾ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಗಾಳಿಗೆ ಕೆಟ್ಟಿದೆ, ಕೊಳ್ಳಬೇಡಿ. ಅಂಗಡಿಗಳಲ್ಲಿ ಚೀಲೇಟ್ ರೂಪದ ಕಬ್ಬಿಣವೂ ದೊರೆಯುತ್ತದೆ. ಇಡಿಟಿಎ ಎಂಬ ಹೆಸರಿನದು ಎಲೆಗೆ ಸಿಂಪಡಿಸಲು ಸರಿ. ಸುಣ್ಣದ ಮಣ್ಣಿಗೆ ಹಾಕಿದರೆ ಅದರ ಹಿಡಿತ ಬೇಗ ಬಿಡುತ್ತದೆ. ಅಂಥ ಮಣ್ಣಿಗೆ ಇಡಿಡಿಎಚ್‌ಎ ಎಂಬುದೇ ಬೇಕು, ಬೆಲೆ ಹೆಚ್ಚು. ಒಂದೆರಡು ಕುಂಡಕ್ಕಾಗಿ ಅಷ್ಟು ಖರ್ಚು ಮಾಡುವುದಕ್ಕಿಂತ ಮಣ್ಣನ್ನೇ ಬದಲಿಸುವುದು ಜಾಣತನ. ಸಿಂಪಡಣೆಯು ಕಂಡ ಎಲೆಯನ್ನು ಹಸಿರು ಮಾಡೀತು. ಮಣ್ಣು, ನೀರು ಹಾಗೆಯೇ ಇದ್ದರೆ ಮುಂದಿನ ಚಿಗುರು ಮತ್ತೆ ಹಳದಿಯಾಗಿಯೇ ಹುಟ್ಟುತ್ತದೆ.

ಮೆಗ್ನೀಷಿಯಂ ಕೊರತೆಗೆ ಮೆಗ್ನೀಷಿಯಂ ಸಲ್ಫೇಟನ್ನು ಲೀಟರಿಗೆ 5 ಗ್ರಾಂ, ಸತುವಿಗೆ ಸತುವಿನ ಸಲ್ಫೇಟು 5 ಗ್ರಾಂ ಜೊತೆಗೆ ಅರ್ಧದಷ್ಟು ಸುಣ್ಣದ ತಿಳಿ, ಇವು ನಿಮಗೆ ನಿಂಬೆ ತೋಟದಿಂದ ಪರಿಚಿತವೇ. ಒಂದನ್ನೊಂದು ಬೆರೆಸದೆ ಬೇರೆ ಬೇರೆ ದಿನ ಸಿಂಪಡಿಸಿರಿ. ಯಾವುದನ್ನು ಸಿಂಪಡಿಸುವುದಿದ್ದರೂ ಬೇಕಾದ ಸೊಪ್ಪನ್ನು ಮೊದಲೇ ಕೊಯ್ದಿಟ್ಟುಕೊಂಡು, ಆಮೇಲೆ ಹತ್ತು ದಿನ ಕೊಯ್ಯದಿರುವುದು ಒಳಿತು.

ಮಜ್ಜಿಗೆ, ಬೂದಿ, ಮೊಟ್ಟೆಯ ಸಿಪ್ಪೆ

ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಇದನ್ನು ಮೂಢನಂಬಿಕೆಯೆಂದು ನಗುವವರಿದ್ದಾರೆ, ಸರ್ವರೋಗಕ್ಕೂ ಮದ್ದೆನ್ನುವವರೂ ಇದ್ದಾರೆ. ಹುಳಿ ಮಜ್ಜಿಗೆಯಲ್ಲಿ ಆಮ್ಲವಿದೆ. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಅದು ಬೇರಿನ ಸುತ್ತ ಸ್ವಲ್ಪ ಕಾಲವಾದರೂ ಕಬ್ಬಿಣವನ್ನು ಕರಗಿಸಿ ಕೊಡಬಲ್ಲದು. ತುಸು ಸಾರಜನಕವೂ ಅದರಲ್ಲಿದೆ. ಆದುದರಿಂದ ಚಿಗುರು ಹಳದಿಯಾದ ಗಿಡಕ್ಕೆ, ಒಂದು ಲೋಟ ಮಜ್ಜಿಗೆಗೆ ಹತ್ತು ಲೋಟ ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿದರೆ ಪ್ರಯೋಜನ ಕಾಣಬಹುದು. ಉಪ್ಪು ಹಾಕಿದ ಮಜ್ಜಿಗೆ ಕೂಡದು. ಬೆಣ್ಣೆ ತೆಗೆಯದ ಗಟ್ಟಿ ಮೊಸರು ಸುರಿದರೆ ಮಣ್ಣು ವಾಸನೆ ಹಿಡಿದು ಇರುವೆ ಮುತ್ತುತ್ತವೆ. ಬೇರು ಕೊಳೆತ ಗಿಡಕ್ಕಂತೂ ಮಜ್ಜಿಗೆಯಿಂದ ಕೇಡೇ ಹೆಚ್ಚು.

ಒಲೆಯ ಬೂದಿಯ ವಿಷಯದಲ್ಲಿ ಹಳ್ಳಿಯವರು ತಪ್ಪುವುದು ಸಹಜ. ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಅಮೃತವಿದ್ದಂತೆ. ಗಡಸು ನೀರು ಕುಡಿಯುವ ಕುಂಡದಲ್ಲಿ ಅದು ರಸಸಾರವನ್ನು ಇನ್ನಷ್ಟು ಏರಿಸುತ್ತದೆ. ಮೊಟ್ಟೆಯ ಸಿಪ್ಪೆಯೂ ಸುಣ್ಣವೇ. ಇವೆರಡನ್ನು ಈ ಗಿಡದಿಂದ ದೂರವಿಡಿ. ಚಹಾ ಚರಟವನ್ನು ಸಕ್ಕರೆ ಹೋಗುವಂತೆ ತೊಳೆದು, ಒಣಗಿಸಿ, ಗೊಬ್ಬರದ ಗುಂಡಿಗೆ ಹಾಕಿ ಕೊಳೆಸಿದ ಮೇಲೆ ಬಳಸಬಹುದು. ಹಸಿಯಾಗಿ ಬುಡಕ್ಕೆ ಒಟ್ಟಿದರೆ ನೊಣಗಳಿಗೆ ಹಬ್ಬ.

ಬುಡದ ಎಲೆ ಇಡಿಯಾಗಿ ಹಳದಿಯಾಗಿ, ಬೇರು ಚೆನ್ನಾಗಿದ್ದ ಗಿಡಕ್ಕೆ ಮಾತ್ರ ಸಾರಜನಕ ಕೊಡಿರಿ. 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು 5 ಲೀಟರು ನೀರಿನಲ್ಲಿ ನಾಲ್ಕು ದಿನ ನೆನೆಸಿ, ತಿಳಿಯನ್ನು ಐದರಷ್ಟು ನೀರಿಗೆ ಬೆರೆಸಿ ಹದಿನೈದು ದಿನಕ್ಕೊಮ್ಮೆ ಕುಂಡಕ್ಕೆ ಅರ್ಧ ಲೀಟರು ಹಾಕಿದರೆ ಸಾಕು. ಅಕ್ಕಪಕ್ಕದ ಮನೆಯವರು ವಾಸನೆಗೆ ಮುನಿಸಿಕೊಂಡಾರು. ಅದು ಬೇಡವೆನ್ನುವವರು ಲೀಟರಿಗೆ 3 ಗ್ರಾಂ ಯೂರಿಯ ಕರಗಿಸಿ, ಮಣ್ಣು ತೇವವಿದ್ದಾಗ ತಿಂಗಳಿಗೊಮ್ಮೆ ಅರ್ಧ ಲೀಟರು ಹಾಕಲಿ. ಹಿಡಿಯ ಲೆಕ್ಕದಲ್ಲಿ ಯೂರಿಯ ಹಾಕಿದರೆ 15 ಲೀಟರು ಮಣ್ಣಿನ ಕುಂಡ ತಡೆಯಲಾರದು.

ಮಣ್ಣು ಬದಲಿಸಿ ಗಿಡ ಉಳಿಸುವುದು

ಬೇರು ಕೊಳೆತಿದ್ದರೂ, ಸಿಂಬಿ ಕಟ್ಟಿದ್ದರೂ, ಮಣ್ಣಿನಲ್ಲಿ ಸುಣ್ಣವಿದ್ದರೂ ಕೊನೆಗೆ ಮಾಡಬೇಕಾದ ಕೆಲಸ ಒಂದೇ, ಮಣ್ಣು ಬದಲಿಸುವುದು. ಫೆಬ್ರವರಿ ಕೊನೆಯಿಂದ ಮಾರ್ಚ್, ಇಲ್ಲವೇ ಮುಂಗಾರು ಹಿಡಿದ ಮೇಲೆ ಜೂನ್, ಜುಲೈ ಇದಕ್ಕೆ ಹದವಾದ ಕಾಲ. ಬೇರು ಕೊಳೆತಿರುವುದು ಖಚಿತವಾದರೆ ಕಾಲ ನೋಡುತ್ತ ಕೂರಬೇಡಿ.

ಹೊಸ ಮಣ್ಣನ್ನು ನೀವೇ ಊರಿಂದ ಕಳುಹಿಸಬಲ್ಲಿರಿ. ಎರಡು ಪಾಲು ಹೊಲದ ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು. ನದಿಯ ಮರಳು ಸಿಗದೆ ಈಗ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಎಲ್ಲೆಡೆ ಬಳಕೆಯಲ್ಲಿದೆ. ಅದನ್ನು ಬಳಸುವುದಾದರೆ ನೀರಿನಲ್ಲಿ ಎರಡು ಸಲ ತೊಳೆದು ನುಣ್ಣನೆಯ ಧೂಳನ್ನು ಬಸಿಯಿರಿ, ಇಲ್ಲವಾದರೆ ಆ ಧೂಳು ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. ಒಂದು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಬಹುದು. ಹಸಿ ಸಗಣಿ ಬೇಡ.

ತಳದ ತೂತಿನ ಮೇಲೆ ಒಂದು ಹೆಂಚಿನ ಚೂರನ್ನು ಬೋರಲಾಗಿ ಇಟ್ಟರೆ ಸಾಕು. ತಳದಲ್ಲಿ ನಾಲ್ಕು ಬೆರಳು ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದಿಲ್ಲ. ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಬೇರಿಗಿದ್ದ ಜಾಗವೂ ಹೋಗುತ್ತದೆ.

ಗಿಡವನ್ನು ಹೊರತೆಗೆದು ಹಳೆಯ ಮಣ್ಣನ್ನು ಮೂರರಲ್ಲಿ ಎರಡು ಪಾಲು ಕಡ್ಡಿಯಿಂದ ಕೆದಕಿ ಉದುರಿಸಿರಿ. ಕೊಳೆತ ಬೇರನ್ನು ಬಿಳಿ ಭಾಗ ಸಿಗುವವರೆಗೆ ಚೊಕ್ಕಟವಾದ ಕತ್ತರಿಯಿಂದ ಕತ್ತರಿಸಿರಿ. ಸಿಂಬಿ ಕಟ್ಟಿದ ಬೇರಿಗೆ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಗೀರು ಹಾಕಿದರೆ ಹೊಸ ಬೇರು ಹೊರಮುಖವಾಗಿ ಒಡೆಯುತ್ತದೆ. ಬೇರನ್ನು ಎಷ್ಟು ತೆಗೆದಿರೋ ಅಷ್ಟು ಪಾಲು ರೆಂಬೆಯನ್ನೂ ತೆಗೆಯಬೇಕು. ಕರಿಬೇವು ಕತ್ತರಿಗೆ ಹೆದರುವ ಗಿಡವಲ್ಲ. ನೆಲದಿಂದ ಒಂದು, ಒಂದೂವರೆ ಅಡಿ ಬಿಟ್ಟು ಕತ್ತರಿಸಿದರೂ ಹಲವು ಕವಲೊಡೆದು ಬರುತ್ತದೆ. ಮನೆಯವರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಇರುವ ನಾಲ್ಕು ಹಸಿರೆಲೆಯನ್ನೂ ಕಡಿಯಬೇಕೇ ಎನ್ನುತ್ತಾರೆ. ಕಡಿದ ಸೊಪ್ಪನ್ನು ಚಟ್ನಿಪುಡಿಗೆ ಬಳಸಲಿ.

ನೆಟ್ಟ ಮೇಲೆ ತಳದಿಂದ ನೀರು ಹರಿಯುವಷ್ಟು ಒಮ್ಮೆ ನೀರು ಕೊಟ್ಟು, ಹತ್ತು ಹದಿನೈದು ದಿನ ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವಲ್ಲಿ ಇಡಿರಿ. ಮಣ್ಣು ಬೆರಳಿಗೆ ಒಣಗುವವರೆಗೆ ಮತ್ತೆ ನೀರು ಬೇಡ. ಒಂದು ತಿಂಗಳು ಗೊಬ್ಬರ ಬೇಡ. ಹೊಸ ಬೇರು ಬಾರದೆ ಗೊಬ್ಬರ ತಿನ್ನುವವರಾರು? ಆಮೇಲೆ ಗಿಡಕ್ಕೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೇ ಬೇಕು. ಮೂರು ನಾಲ್ಕು ಅಂತಸ್ತಿನ ಮನೆಗಳು ಒತ್ತೊತ್ತಾಗಿ ಎದ್ದಿರುವ ಬೀದಿಯಲ್ಲಿ ಕೆಳಮನೆಯ ಕಿಟಕಿಗೆ ಇಷ್ಟು ಬಿಸಿಲು ಸಿಗುವುದಿಲ್ಲ, ಕುಂಡವನ್ನು ತಾರಸಿಗೇ ಒಯ್ಯಬೇಕು. ಹಳದಿಯಾಗಿದ್ದ ಮುದಿ ಎಲೆ ಮತ್ತೆ ಹಸಿರಾಗುವುದೆಂದು ಕಾಯಬೇಡಿ. ಹೊಸ ಚಿಗುರಿನ ಬಣ್ಣವನ್ನು ನೋಡಿ ತೀರ್ಪು ಕೊಡಿರಿ. ಎಂಟು ವಾರ ಕಳೆದರೂ ಚಿಗುರದಿದ್ದರೆ ಉಗುರಿನಿಂದ ಕಾಂಡವನ್ನು ಕೆರೆಯಿರಿ. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವವಿದೆ. ಬುಡದವರೆಗೂ ಕಂದಾಗಿದ್ದರೆ ಬಿಟ್ಟುಬಿಡಿ. ಹೊಸ ಗಿಡವನ್ನು ಬೀಜದಿಂದ ಎಬ್ಬಿಸುವುದಾದರೆ ಕಪ್ಪಾಗಿ ಮಾಗಿದ ಹಣ್ಣಿನ ತಿರುಳು ತೆಗೆದು ಕೂಡಲೇ ಬಿತ್ತಬೇಕು, ಬೀಜದ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ.

ಕೀಟದ ವಿಷಯ

ಒಗ್ಗರಣೆಗೆ ನೇರವಾಗಿ ಬೀಳುವ ಸೊಪ್ಪಿದು. ಹೊಲದ ಬೆಳೆಗೆಂದು ಇಟ್ಟ ಕೀಟನಾಶಕದ ಬಾಟಲಿಯನ್ನು ಪಟ್ಟಣದ ಮನೆಗೆ ಕಳುಹಿಸುವ ಕೆಲಸವನ್ನು ದಯವಿಟ್ಟು ಮಾಡಬೇಡಿ. ಹಕ್ಕಿಯ ಹಿಕ್ಕೆಯಂತೆ ಕಾಣುವ, ದೊಡ್ಡದಾದ ಮೇಲೆ ಹಸಿರಾಗುವ ಹುಳು ನಿಂಬೆ ಚಿಟ್ಟೆಯ ಮರಿ. ಕೈಯಿಂದ ಆರಿಸಿದರೆ ಮುಗಿಯಿತು. ನುಸಿ, ಹಿಟ್ಟು ತಿಗಣೆಗಳಿಗೆ ಮೊದಲು ನೀರಿನ ರಭಸದಿಂದ ಎಲೆಯ ಕೆಳಭಾಗವನ್ನು ತೊಳೆದು, ಬಗ್ಗದಿದ್ದರೆ ಲೀಟರಿಗೆ 5 ಮಿಲಿಲೀಟರು ಬೇವಿನ ಎಣ್ಣೆಯನ್ನು ತುಸು ಸೋಪಿನ ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸಿರಿ.

ನಿಂಬೆ, ಕಿತ್ತಳೆ ತೋಟವಿರುವವರಿಗೆ ಇನ್ನೊಂದು ಮಾತು. ಕರಿಬೇವಿನ ಎಳೆ ಚಿಗುರಿನಲ್ಲಿ ಸಿಲ್ಲಾ ಎಂಬ ಸಣ್ಣ ಕೀಟ ಸಂಸಾರ ಹೂಡುತ್ತದೆ. ಹಿಂಬದಿಯನ್ನು ಮೇಲಕ್ಕೆತ್ತಿ, ಓರೆಯಾಗಿ ಕುಳಿತುಕೊಳ್ಳುವುದು ಅದರ ಗುರುತು. ನಿಂಬೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗವನ್ನು ಹೊತ್ತೊಯ್ಯುವುದು ಇದೇ ಕೀಟ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಕರಿಬೇವಿನ ಗಿಡವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನಬಂದಂತೆ ಒಯ್ಯಲಾಗದಿರುವುದೂ ಈ ಕಾರಣಕ್ಕೇ. ಆದುದರಿಂದ ಪಟ್ಟಣದಲ್ಲಿ ಸೊರಗಿದ ಗಿಡವನ್ನು ಚೇತರಿಸಿಕೊಳ್ಳಲೆಂದು ಊರಿಗೆ ತಂದರೆ ನೇರವಾಗಿ ನಿಂಬೆ ಸಾಲಿನ ಪಕ್ಕ ಇಡಬೇಡಿ. ಎಳೆ ಚಿಗುರನ್ನೆಲ್ಲ ಕತ್ತರಿಸಿ ಸುಟ್ಟು, ಮನೆಯ ಮುಂದೆ ಮೂರು ನಾಲ್ಕು ವಾರ ಇಟ್ಟು ನೋಡಿರಿ.

ಉಳಿದ ಗಿಡಗಳ ಬಗ್ಗೆ ಎರಡೇ ಮಾತು. ಮನೆಯೊಳಗಿನ ಮನಿ ಪ್ಲಾಂಟ್ ಹಳದಿಯಾದರೆ ನೂರಕ್ಕೆ ಎಂಬತ್ತರಷ್ಟು ಮಟ್ಟಿಗೆ ನೀರು ಹೆಚ್ಚಾಗಿದೆ ಎಂದೇ ತಿಳಿಯಿರಿ. ತುಳಸಿ ಹೂಕದಿರು ಬಿಟ್ಟು ಬೀಜ ಕಟ್ಟಿದ ಮೇಲೆ ಹಳದಿಯಾಗುವುದು ಅದರ ವಯೋಧರ್ಮ. ಕದಿರನ್ನು ಆಗಾಗ ಚಿವುಟುತ್ತಿದ್ದರೆ ಹೆಚ್ಚು ಕಾಲ ಬಾಳುತ್ತದೆ. ಮಲ್ಲಿಗೆ ಮತ್ತು ಗುಲಾಬಿಗಳ ಚಿಗುರು ಹಳದಿಯಾದರೆ ಕರಿಬೇವಿಗೆ ಹೇಳಿದ್ದೇ ಅವಕ್ಕೂ ಅನ್ವಯಿಸುತ್ತದೆ.

ಕುಂಡದ ಮಣ್ಣು ಮತ್ತು ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕೆನ್ನುವವರು ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸಬಹುದು. ಅರ್ಧ ಕಿಲೋ ಮಣ್ಣನ್ನು ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಕಟ್ಟಿರಿ. ನೀರನ್ನು, ಅದೇ ನೀರಿನಿಂದ ಮೂರು ಸಲ ತೊಳೆದ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ ಮುಚ್ಚಿರಿ. ಚೀಟಿಯಲ್ಲಿ ಹೆಸರು, ವಿಳಾಸದ ಜೊತೆಗೆ ಗಿಡದ ಹೆಸರು, ಹಳದಿಯಾದದ್ದು ಬುಡದ ಎಲೆಯೋ ತುದಿಯ ಎಲೆಯೋ, ಹಾಕುತ್ತಿರುವ ನೀರು ಯಾವುದು ಎಂಬುದನ್ನು ತಪ್ಪದೆ ಬರೆಯಿರಿ.